ಬೀಗರ ಮನೆಯ ಸಪ್ಪೆ ಊಟ

ದೊಡ್ಡಬಳ್ಳಾಪುರ
19-1-1992

ಕುಮಾರಿ ಅನುಸೂಯ ಅವರಿಗೆ,

ನಂದಕುಮಾರನ ನಮಸ್ಕಾರಗಳು. ನಿಶ್ಚಿತಾರ್ಥ ಮುಗಿಸಿಕೊಂಡು ನಾವೆಲ್ಲ ಮೊಳಕಾಲ್ಮೂರಿನಿಂದ ಸುಖವಾಗಿ ಊರು ಸೇರಿದೆವು. ಪತ್ರ ಬರೆಯಬಹುದೇ ಎಂದು ಅಂದೇ ನಿಮ್ಮನ್ನು ಕೇಳಬೇಕೆಂದಿದ್ದೆ. ಸುತ್ತ ಅಷ್ಟೊಂದು ಜನ ಕೂತಿದ್ದರಲ್ಲ, ಬಾಯಿ ಬರಲಿಲ್ಲ. ಅದಕ್ಕೇ ಕೇಳದೆಯೇ ಬರೆಯುತ್ತಿದ್ದೇನೆ. ತಪ್ಪಾಗಿದ್ದರೆ ಉತ್ತರ ಬರೆಯಬೇಡಿ, ಅರ್ಥ ಮಾಡಿಕೊಳ್ಳುತ್ತೇನೆ.

ನಮ್ಮ ಮನೆಯ ವಿಷಯ ನಿಮಗೆ ಗೊತ್ತೇ ಇದೆ. ಆರು ಪವರ್‌ಲೂಮ್ ಮಗ್ಗ, ಅಮ್ಮ ನಾರಾಯಣಮ್ಮ, ಮತ್ತು ಅಪ್ಪ ತೀರಿಕೊಂಡ ಮೇಲೆ ಮನೆಯ ಯಜಮಾನಿಕೆ ವಹಿಸಿಕೊಂಡ ದೊಡ್ಡಪ್ಪ ಅಪ್ಪಯ್ಯಣ್ಣ. ನೇಯಿಸುವುದು, ಸೀರೆ ಅಂಗಡಿಗಳಿಗೆ ಓಡಾಡುವುದು ನನ್ನ ಪಾಲು.

ನಿಮ್ಮ ತಾಯಿ ಬಡಿಸಿದ ಒಬ್ಬಟ್ಟು ನಾಲ್ಕು ತಿಂದೆ. ನಾಲ್ಕನೆಯದನ್ನು ಮರ್ಯಾದೆಗಾಗಿ ತಿಂದೆನೆಂದು ಅವರು ತಿಳಿದಿದ್ದರೆ ದಯವಿಟ್ಟು ತಿದ್ದಿ. ಮನೆಯಲ್ಲೇ ಹಾಕಿದ ಉಪ್ಪಿನಕಾಯಿಯನ್ನು ನಮಗೆಲ್ಲ ಬಡಿಸಿ, ಅವರು ಮಾತ್ರ ಒಂದು ಹೋಳನ್ನೂ ಮುಟ್ಟಲಿಲ್ಲ. ಏಕಿರಬಹುದೆಂದು ಅಮ್ಮ ಬಸ್ಸಿನಲ್ಲಿ ದಾರಿಯುದ್ದಕ್ಕೂ ಯೋಚಿಸುತ್ತಿದ್ದರು.

ನಿಮ್ಮ ಉತ್ತರಕ್ಕೆ ಕಾಯುತ್ತಿರುವ,
ನಂದಕುಮಾರ್


ಮೊಳಕಾಲ್ಮೂರು
27-1-1992

ನಂದಕುಮಾರ್ ಅವರಿಗೆ,

ಉತ್ತರ ಬರೆದಿದ್ದೇನೆ, ಅಂದರೆ ತಪ್ಪಾಗಿಲ್ಲ. ನಿಮ್ಮ ಪತ್ರವನ್ನು ಮೊದಲು ಅಪ್ಪ ಓದಿದರು, ಆಮೇಲೆ ತಮ್ಮ, ಕೊನೆಗೆ ನಾನು. ‘ಹುಡುಗನ ಸಾಲು ನೆಟ್ಟಗಿದೆ, ಎಲ್ಲೂ ಸೊಟ್ಟಗೆ ಹೋಗಿಲ್ಲ’ ಎಂದರು ಅಪ್ಪ. ಕೈಮಗ್ಗದಲ್ಲಿ ಹುಟ್ಟಿ ಬೆಳೆದವರು ಇದಕ್ಕಿಂತ ದೊಡ್ಡದಾಗಿ ಯಾರನ್ನೂ ಹೊಗಳುವುದಿಲ್ಲ. ಮುಂದಿನ ಪತ್ರ ಶಾಲೆಯ ವಿಳಾಸಕ್ಕೆ ಬರಲಿ.

ಅಮ್ಮನಿಗೆ ಅಂದು ಹಲ್ಲುನೋವು. ಅದಕ್ಕೇ ಹುಳಿ ಮುಟ್ಟಲಿಲ್ಲ. ನಿಮ್ಮ ತಾಯಿಯವರಿಗೆ ಹಾಗೆಂದು ಹೇಳಿ.

ಹಿರಿಯರ ಮುಂದೆ ಆಡಲಾಗದ ಮಾತು ಒಂದಿದೆ. ನಾಲ್ಕನೆಯ ತರಗತಿಯ ಮಕ್ಕಳಿಗೆ ಪಾಠ ಮಾಡುವುದೆಂದರೆ ನನಗೆ ಪ್ರಾಣ. ಮದುವೆಯಾದ ಮೇಲೆ ಕೆಲಸ ಬಿಡುವುದಿಲ್ಲ. ನಿಮ್ಮ ಕಡೆಗೆ ವರ್ಗ ಮಾಡಿಸಿಕೊಳ್ಳಬೇಕು, ಅಷ್ಟೆ. ನಿಮಗಾಗಲಿ ನಿಮ್ಮ ದೊಡ್ಡಪ್ಪನವರಿಗಾಗಲಿ ಇದು ಒಪ್ಪಿಗೆಯಿಲ್ಲದಿದ್ದರೆ ಈಗಲೇ ಹೇಳಿಬಿಡಿ. ನಾನು ಅಳುವವಳಲ್ಲ. ಆದರೆ ಲಗ್ನಪತ್ರಿಕೆ ಅಚ್ಚಾದ ಮೇಲೆ ಹೇಳಿದರೆ ಜಗಳವಾಡುವವಳು.

ಇಂತಿ,
ಅನುಸೂಯ


ದೊಡ್ಡಬಳ್ಳಾಪುರ
5-2-1992

ಅನುಸೂಯ ಅವರಿಗೆ,

ನಿಮ್ಮ ಪತ್ರ ಓದಿ ನಕ್ಕಿದ್ದಕ್ಕೆ ಮಗ್ಗದ ಹುಡುಗರೆಲ್ಲ ತಿರುಗಿ ನೋಡಿದರು. ಕೆಲಸ ಬಿಡಬೇಡಿ. ದೊಡ್ಡಪ್ಪನನ್ನು ಕೇಳಿದೆ. ‘ಮೇಷ್ಟ್ರು ಸೊಸೆ ಮನೆಗ್ ಬಂದ್ರೆ ನನ್ ಕೈಲೂ ಪತ್ರಿಕೆ ಓದುಸ್ತಾಳೆ, ಬರ್ಲಿ ಬರ್ಲಿ’ ಎಂದರು. ನಮ್ಮ ಪೇಟೆಯ ಶಾಲೆಯಲ್ಲಿ ಜಾಗ ಖಾಲಿ ಇದೆಯೇ ಎಂದು ವಿಚಾರಿಸಿಯೂ ಬಂದೆ.

ಮತ್ತೊಂದು ತಮಾಷೆ. ನನ್ನ ಗೆಳೆಯ ಶಶಿಕುಮಾರ್ ಇನ್ಶೂರೆನ್ಸ್ ಏಜೆಂಟ್. ನಿಶ್ಚಯವಾದಂದಿನಿಂದ ಬೆನ್ನು ಬಿದ್ದಿದ್ದಾನೆ. ‘ಇನ್ಮೇಲೆ ನಿನ್ ಜೀವ ನಿನ್ನೊಬ್ಬಂದೇ ಅಲ್ಲ ಗುರು, ಪಾಲಿಸಿ ಮಾಡ್ಸು’ ಎನ್ನುತ್ತಾನೆ. ನಾಳೆ ಅದಕ್ಕಾಗಿ ಡಾಕ್ಟರ ತಪಾಸಣೆ. ನನಗೆ ಇಪ್ಪತ್ತೊಂಬತ್ತು ತುಂಬಿತು. ಜ್ವರ ಬಂದು ಮಲಗಿದ ನೆನಪೇ ಇಲ್ಲ. ನನ್ನನ್ನು ನೋಡಿ ಡಾಕ್ಟರಿಗೇ ಬೇಜಾರಾಗಬಹುದು.

ನಾಡಿದ್ದೇ ಮತ್ತೆ ಬರೆಯುತ್ತೇನೆ. ನೀವು ಹೇಗೆ ಪಾಠ ಮಾಡುತ್ತೀರಿ, ಮಕ್ಕಳಿಗೆ ಹೊಡೆಯುತ್ತೀರಾ, ಎಲ್ಲ ಬರೆಯಿರಿ.

ನಿಮ್ಮ,
ನಂದಕುಮಾರ್


ಮೊಳಕಾಲ್ಮೂರು
8-3-1992

ನಂದಕುಮಾರ್ ಅವರಿಗೆ,

‘ನಾಡಿದ್ದೇ ಬರೆಯುತ್ತೇನೆ’ ಎಂದಿದ್ದಿರಿ. ದೊಡ್ಡಬಳ್ಳಾಪುರದಲ್ಲಿ ನಾಡಿದ್ದು ಬರಲು ಒಂದು ತಿಂಗಳಾಗುತ್ತದೆಂದು ತಿಳಿದಿರಲಿಲ್ಲ.

ಇದರ ನಡುವೆ ನಾನು ಬರೆದ ಎರಡು ಪತ್ರಗಳು ತಲುಪಿವೆ ಎಂದುಕೊಂಡಿದ್ದೇನೆ. ಮಕ್ಕಳಿಗೆ ಹೊಡೆಯುವುದಿಲ್ಲ ಎಂದು ಮೊದಲನೆಯದರಲ್ಲೇ ಬರೆದಿದ್ದೆ. ಹುಷಾರಾಗಿದ್ದೀರಿ ತಾನೇ? ಅಂಚೆಯವನು ಶಾಲೆಯ ಗೇಟು ದಾಟಿ ಹೋಗುವಾಗ ಈಗ ನನ್ನ ಮಕ್ಕಳೇ ‘ಇವತ್ತೂ ಇಲ್ಲ ಮಿಸ್’ ಎಂದು ಹೇಳುತ್ತಾರೆ. ಒಂದು ಕಾರ್ಡಾದರೂ ಹಾಕಿ.

ಅನುಸೂಯ


ದೊಡ್ಡಬಳ್ಳಾಪುರ
15-3-1992

ಕುಮಾರಿ ಅನುಸೂಯ ಅವರಿಗೆ,

ನಿಮ್ಮ ಪತ್ರಗಳು ತಲುಪಿವೆ. ಉತ್ತರಿಸಲಾಗದ್ದಕ್ಕೆ ಕ್ಷಮೆಯಿರಲಿ. ಮಗ್ಗದ ಕೆಲಸ ಹೆಚ್ಚಾಗಿದೆ. ಎಲ್ಲವನ್ನೂ ಯೋಚಿಸಿ ನೋಡಿದಾಗ, ಮದುವೆಯನ್ನು ಈ ವೈಶಾಖದಲ್ಲಿ ಇಟ್ಟುಕೊಳ್ಳುವುದು ಬೇಡವೆನಿಸುತ್ತಿದೆ. ಮುಂದಿನ ವರ್ಷ ನೋಡೋಣ. ಅಷ್ಟರಲ್ಲಿ ನಿಮ್ಮ ಮನೆಯವರು ಬೇರೆ ಕಡೆ ನೋಡುವುದಾದರೆ ನನ್ನ ಅಭ್ಯಂತರವಿಲ್ಲ. ಹಿರಿಯರಿಗೆ ಇನ್ನೂ ತಿಳಿಸಿಲ್ಲ.

ಇಂತಿ,
ನಂದಕುಮಾರ್


ಮೊಳಕಾಲ್ಮೂರು
20-3-1992

ನಂದಕುಮಾರ್ ಅವರಿಗೆ,

‘ಅಭ್ಯಂತರವಿಲ್ಲ’ ಎನ್ನುವ ಪದವನ್ನು ಸರ್ಕಾರಿ ಕಾಗದದಲ್ಲಿ ನೋಡಿದ್ದೆ. ನನ್ನ ಹೆಸರಿಗೇ ಬರುತ್ತದೆಂದುಕೊಂಡಿರಲಿಲ್ಲ.

ಕಾರಣ ನನಗೆ ಗೊತ್ತು. ಕೆಲಸ ಬಿಡುವುದಿಲ್ಲ ಎಂದೆನಲ್ಲ, ಮೊದಲು ನಕ್ಕಿರಿ, ಆಮೇಲೆ ಮನೆಯಲ್ಲಿ ಯಾರೋ ಬುದ್ಧಿ ಹೇಳಿದರು. ಅಥವಾ ನಿಶ್ಚಿತಾರ್ಥದ ಫೋಟೋ ತೊಳೆದು ಬಂದಾಗ ಹುಡುಗಿ ಕಪ್ಪಗೆ ಕಂಡಳು. ಎರಡರಲ್ಲಿ ಯಾವುದಾದರೂ ಸರಿ. ಆದರೆ ನಿಮ್ಮ ಬಾಯಿಂದಲೇ ಬರಲಿ. ಹಿರಿಯರಿಗೆ ತಿಳಿಸದೆ, ನನಗೂ ಕಾರಣ ಹೇಳದೆ, ‘ಬೇರೆ ಕಡೆ ನೋಡಿ’ ಎನ್ನಲು ನಾನು ಅಂಗಡಿಯಿಂದ ತಿರುಗಿ ಬಂದ ಸೀರೆಯೇ?

ಅಳುವವಳಲ್ಲ ಎಂದಿದ್ದೆ. ಅಳಲಿಲ್ಲ. ಆದರೆ ಮೂರು ದಿನದಿಂದ ಮಕ್ಕಳ ಮೇಲೆ ರೇಗುತ್ತಿದ್ದೇನೆ. ಪಾಪ, ಅವಕ್ಕೇನು ಗೊತ್ತು?

ಅನುಸೂಯ


ದೊಡ್ಡಬಳ್ಳಾಪುರ
26-3-1992

ಅನುಸೂಯ ಅವರಿಗೆ,

ನಿಮ್ಮ ಕೆಲಸವೂ ಅಲ್ಲ, ಬಣ್ಣವೂ ಅಲ್ಲ. ಆ ಫೋಟೋ ನನ್ನ ಷರ್ಟಿನ ಜೇಬಿನಲ್ಲೇ ಇದೆ.

ಇನ್ಶೂರೆನ್ಸಿನ ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ ಗಾಳಿ ಒತ್ತಿ ನೋಡಿದರು. ‘ಏನಪ್ಪಾ, ಓಡ್ಕೊಂಡ್ ಬಂದ್ಯಾ?’ ಎಂದರು. ‘ಇಲ್ಲ ಸಾರ್, ಬಸ್ಸಲ್ಲೇ ಬಂದೆ’ ಎಂದೆ. ಕೂರಿಸಿ, ಸುಧಾರಿಸಿಕೊಂಡ ಮೇಲೆ ಮತ್ತೆ ನೋಡಿದರು. ‘ಒಂದ್ ಸಲ ನೋಡಿ ಹೇಳೋಕಾಗಲ್ಲ, ಬೇರೆ ದಿನ ಬಾ’ ಎಂದರು. ಹೋದೆ. ಮತ್ತೊಂದು ದಿನವೂ ಹೋದೆ. ಪ್ರತಿಸಲವೂ ಅದೇ: ಮೇಲಿನದು ನೂರ ಎಪ್ಪತ್ತು, ಕೆಳಗಿನದು ನೂರ ಹತ್ತು. ಬಿಪಿ. ಈ ವಯಸ್ಸಿಗೆ!

ನನಗೇನೂ ಆಗುತ್ತಿಲ್ಲ, ಅನುಸೂಯ ಅವರೇ. ತಲೆನೋವಿಲ್ಲ, ಸುಸ್ತಿಲ್ಲ. ಡಾಕ್ಟರು ಮಾತ್ರೆ ಬರೆದು ‘ದಿನಾ ತಗೋ, ಬಿಡಬೇಡ’ ಎಂದರು. ಹತ್ತು ದಿನ ನುಂಗಿದೆ. ಏನೂ ಇಲ್ಲದವನಿಗೆ ಮಾತ್ರೆ ಏಕೆಂದು ಬಿಟ್ಟೆ. ಯಾರೋ ಬೆಳ್ಳುಳ್ಳಿ ಎಂದರು, ಅದನ್ನು ಅಗಿದು ಅಗಿದು ಮಗ್ಗದವರೆಲ್ಲ ನನ್ನಿಂದ ದೂರ ನಿಂತು ಮಾತನಾಡುವಂತಾಯಿತು.

ಆದರೆ ನಿಜವಾಗಿ ಹೆದರಿದ್ದು ಬೇರೆಯದಕ್ಕೆ. ಅಪ್ಪ ಹೇಗೆ ಹೋದರೆಂದು ನಿಮ್ಮ ಮನೆಯಲ್ಲಿ ನಾವು ಹೇಳಲಿಲ್ಲ. ನಲವತ್ತಾರು ವರ್ಷಕ್ಕೆ ಮಗ್ಗದ ಹತ್ತಿರವೇ ಬಿದ್ದರು. ಲಕ್ವ. ಬಲಗೈ, ಬಲಗಾಲು, ಮಾತು ಎಲ್ಲ ಹೋಯಿತು. ಮೂರು ವರ್ಷ ಅಮ್ಮ ಅವರಿಗೆ ಉಣ್ಣಿಸಿದರು, ತೊಳೆದರು. ನನ್ನ ಹಣೆಯಲ್ಲೂ ಅದೇ ಬರೆದಿದ್ದರೆ ಆ ಮೂರು ವರ್ಷ ನಿಮ್ಮ ಪಾಲಿಗೆ ಬರುತ್ತದೆ. ನಾಲ್ಕನೇ ತರಗತಿಯ ಮಿಸ್ ಮಂಚದ ಪಕ್ಕ ಕೂತಿರುವುದನ್ನು ಯೋಚಿಸಿದರೆ ನನ್ನಿಂದ ಆಗುವುದಿಲ್ಲ.

ಇದೇ ಕಾರಣ. ಅಮ್ಮನಿಗೂ ಗೊತ್ತಿಲ್ಲ. ಈಗ ನೀವು ಹೇಗೆ ಹೇಳಿದರೆ ಹಾಗೆ.

ನಂದಕುಮಾರ್


ಮೊಳಕಾಲ್ಮೂರು
1-4-1992

ನಂದಕುಮಾರ್,

ಇವತ್ತಿನ ದಿನಾಂಕ ನೋಡಿ ತಮಾಷೆ ಎಂದುಕೊಳ್ಳಬೇಡಿ. ಇಲ್ಲಿ ಬರೆಯುವುದೆಲ್ಲ ನಿಜ.

ಅಮ್ಮನಿಗೆ ಅಂದು ಹಲ್ಲುನೋವಿರಲಿಲ್ಲ. ಅವರಿಗೆ ಬಿಪಿ. ಒಂಬತ್ತು ವರ್ಷದಿಂದ. ಅದಕ್ಕೇ ಉಪ್ಪಿನಕಾಯಿ ಮುಟ್ಟುವುದಿಲ್ಲ. ‘ಹೆಣ್ಣಿನ ತಾಯಿಗೆ ಕಾಯಿಲೆ ಅಂತ ಗೊತ್ತಾದ್ರೆ ಸಂಬಂಧ ಮುರಿದು ಹೋಗುತ್ತೆ, ಬಾಯಿ ಮುಚ್ಚಿಕೊಂಡಿರು’ ಎಂದು ಅಪ್ಪ ಹೇಳಿದ್ದರು, ನಾನೂ ನಿಮಗೆ ಸುಳ್ಳು ಬರೆದೆ. ನಿಮ್ಮ ಪತ್ರ ಓದಿ ಮೊದಲು ಅಳು ಬಂತು, ಹೌದು, ಅತ್ತೆ. ಆಮೇಲೆ ನಗು ಬಂತು. ಎರಡು ಮನೆಯವರೂ ಒಂದೇ ಗುಟ್ಟನ್ನು ಬಗಲಲ್ಲಿಟ್ಟುಕೊಂಡು ಎದುರುಬದುರು ಕೂತು ಒಬ್ಬಟ್ಟು ತಿಂದೆವಲ್ಲ!

ಈಗ ಮಿಸ್ ಹೇಳುವುದನ್ನು ಕೇಳಿ. ಅಮ್ಮನ ಜೊತೆ ತಿಂಗಳು ತಿಂಗಳೂ ಆಸ್ಪತ್ರೆಗೆ ಹೋಗಿ ಕಲಿತದ್ದು. ‘ನನಗೇನೂ ಆಗುತ್ತಿಲ್ಲ’ ಎಂದಿರಿ. ಈ ಕಾಯಿಲೆ ಹಾಗೆಯೇ, ಬಾಯಿ ಬಿಟ್ಟು ಹೇಳುವುದಿಲ್ಲ. ಮಗ್ಗದ ಹಾಸಿನ ನೂಲು ಮಿತಿಮೀರಿ ಬಿಗಿಯಾಗಿದ್ದರೂ ಸೀರೆ ಚೆನ್ನಾಗಿಯೇ ಬರುತ್ತಿರುತ್ತದೆ. ಎಳೆಗಳು ಕಡಿದಾಗಲೇ ನಿಮಗೆ ಗೊತ್ತಾಗುವುದು. ಮಾತ್ರೆ ತಲೆನೋವಿಗಲ್ಲ, ಆ ಬಿಗಿಗೆ. ನೀವಾಗಿ ನಿಲ್ಲಿಸುವ ಹಾಗಿಲ್ಲ. ಒಂದು ಮಾತ್ರೆ ಒಗ್ಗದಿದ್ದರೆ ಡಾಕ್ಟರು ಬೇರೆ ಕೊಡುತ್ತಾರೆ; ಅಮ್ಮನಿಗೆ ಮೂರನೆಯದು ಒಗ್ಗಿತು. ಉಪ್ಪು ಕಡಿಮೆ ಮಾಡಿ. ದಿನಾ ನಡೆಯಿರಿ. ಬೀಡಿ ಸಿಗರೇಟು ಇದ್ದರೆ ಈಗಲೇ ಒಪ್ಪಿಕೊಳ್ಳಿ.

ಹಣೆಬರಹದ ಮಾತು ಬಿಡಿ. ನಮ್ಮಮ್ಮ ಒಂಬತ್ತು ವರ್ಷದಿಂದ ಮಾತ್ರೆ ನುಂಗುತ್ತಾ, ಈ ಪತ್ರ ಬರೆಯುವ ಹೊತ್ತಿಗೆ ಪಕ್ಕದ ಮನೆಯವರ ಜೊತೆ ನಲ್ಲಿ ನೀರಿಗಾಗಿ ಜಗಳವಾಡುತ್ತಿದ್ದಾರೆ, ಗೆಲ್ಲುತ್ತಿದ್ದಾರೆ ಕೂಡ.

ಮದುವೆ ವೈಶಾಖದಲ್ಲೇ. ಮೊದಲು ನಿಮ್ಮ ಅಮ್ಮನಿಗೆ ಹೇಳಿ.

ಅನುಸೂಯ


ದೊಡ್ಡಬಳ್ಳಾಪುರ
14-4-1992

ಪ್ರೀತಿಯ ಅನುಸೂಯ,

ಹೀಗೆ ಬರೆದದ್ದಕ್ಕೆ ಕೋಪವಿಲ್ಲ ತಾನೇ? ಬೀಡಿ, ಸಿಗರೇಟು ಎರಡೂ ಇಲ್ಲ.

ಅಮ್ಮನಿಗೆ ಹೇಳಿದೆ. ಅಳುತ್ತಾರೆಂದುಕೊಂಡಿದ್ದೆ. ಸೋಸುತ್ತಿದ್ದ ಸೊಪ್ಪನ್ನು ಪಕ್ಕಕ್ಕಿಟ್ಟರು. ಆಮೇಲೆ ಮೆಲ್ಲಗೆ, ‘ನಿಮ್ಮಪ್ಪಂಗೂ ಡಾಕ್ಟ್ರು ಮಾತ್ರೆ ಕೊಟ್ಟಿದ್ರು ಕಣೋ. ಚೆನ್ನಾಗಿದ್ದೀನಿ ಅಂತ ನಿಲ್ಲಿಸ್ಬಿಟ್ರು. ನಾನೂ ಸುಮ್ಕಾದೆ’ ಎಂದರು. ಇಷ್ಟು ವರ್ಷ ನನಗೆ ಈ ಮಾತು ಗೊತ್ತಿರಲಿಲ್ಲ. ಹಣೆಬರಹ ಎಂದು ನಾನು ತಿಳಿದದ್ದು ಬಿಟ್ಟ ಮಾತ್ರೆ! ಅಂದೇ ಡಾಕ್ಟರ ಹತ್ತಿರ ಹೋದೆವು, ಅಮ್ಮನೂ ಬಂದರು. ಹೊಸ ಮಾತ್ರೆಗೆ ಕಾಲಿನ ಹರಡು ಊದಿಕೊಂಡಿತು. ನಾನಾಗಿ ಬಿಡಲಿಲ್ಲ, ಹೋಗಿ ತೋರಿಸಿದೆ, ಬದಲಾಯಿಸಿದರು. ಮೊನ್ನೆ ನೋಡಿದಾಗ ನೂರ ಐವತ್ತಕ್ಕೆ ಇಳಿದಿದೆ. ಬೆಳಿಗ್ಗೆ ಬಾಶೆಟ್ಟಿಹಳ್ಳಿಯ ಕಡೆಗೆ ನಡೆಯುತ್ತೇನೆ. ಫ್ಯಾಕ್ಟರಿ ಪಾಳಿಗೆ ಹೋಗುವವರು ಸೈಕಲ್ ನಿಲ್ಲಿಸಿ ‘ಬಸ್ ತಪ್ಪೋಯ್ತಾ? ಹತ್ಕೊಳ್ಳಿ’ ಎನ್ನುತ್ತಾರೆ. ಸುಮ್ಮನೆ ನಡೆಯುತ್ತಿದ್ದೇನೆ ಎಂದರೆ ಯಾರೂ ನಂಬುವುದಿಲ್ಲ.

ಅಮ್ಮ ಎಲ್ಲರಿಗೂ ಒಂದೇ ಅಡುಗೆ ಎಂದುಬಿಟ್ಟರು. ಉಪ್ಪುಸಾರಿನಲ್ಲಿ ಉಪ್ಪು ತೆಗೆದರೆ ಏನುಳಿಯುತ್ತದೆ ಹೇಳಿ? ದೊಡ್ಡಪ್ಪ ಒಂದು ತುತ್ತು ಉಂಡು ತಟ್ಟೆ ನೂಕಿದರು. ಈಗ ಅವರಿಗೆ ಸಾರು ಬೇರೆ.

ಕಷ್ಟ ಅದಲ್ಲ. ವಿಷಯ ತಿಳಿದ ಮೇಲೆ ಅವರು ಒಂದೇ ಹಟ ಹಿಡಿದಿದ್ದಾರೆ: ‘ಮೊದ್ಲು ಕಾಯಿಲೆ ವಾಸಿಯಾಗ್ಲಿ, ಆಮೇಲೆ ಮದುವೆ. ಹೆಣ್ಣಿನ ಮನೆಯೋರ್ಗೆ ಮೋಸ ಮಾಡ್ದೆ ಅನ್ನಿಸ್ಕೊಳ್ಳೋಕೆ ನಾನ್ ತಯಾರಿಲ್ಲ.’ ಅವರ ಮನಸ್ಸು ಒಳ್ಳೆಯದೇ. ಅದಕ್ಕೇ ಎದುರು ಮಾತನಾಡಲು ಆಗುತ್ತಿಲ್ಲ. ನಿಮ್ಮ ತಾಯಿಯವರ ವಿಷಯ ನಾನು ಬಾಯಿಬಿಟ್ಟಿಲ್ಲ. ಅದು ನಿಮ್ಮ ಮನೆಯ ಮಾತು.

ನಿಮ್ಮ ನಂದಕುಮಾರ್


ಮೊಳಕಾಲ್ಮೂರು
19-4-1992

ನಂದಕುಮಾರ್,

ಅವಸರದಲ್ಲಿ ಬರೆಯುತ್ತಿದ್ದೇನೆ. ರಜಾ ಆದ್ದರಿಂದ ನಿಮ್ಮ ಪತ್ರ ಮನೆಗೆ ಬಂತು, ಅಮ್ಮನ ಕೈಗೇ ಸಿಕ್ಕಿತು, ನನ್ನಿಂದಲೇ ಓದಿಸಿಕೊಂಡರು. ಏನೂ ಹೇಳಲಿಲ್ಲ. ಇವತ್ತು ಬೆಳಿಗ್ಗೆ ಚೀಲ ಹಿಡಿದು, ‘ತವರಿಗೆ ಹೋಗಿ ನಾಲ್ಕು ದಿನ ಇದ್ದು ಬರ್ತೀನಿ’ ಎಂದು ನಿಮ್ಮ ಕಡೆಯ ವಿಜಯಪುರಕ್ಕೆ ಹೊರಟರು. ವಿಜಯಪುರದಿಂದ ದೊಡ್ಡಬಳ್ಳಾಪುರ ಎಷ್ಟು ದೂರವೆಂದು ಅಪ್ಪನಿಗೆ ಹೊಳೆದಿಲ್ಲ. ನನಗೆ ಹೊಳೆದಿದೆ. ನಾನು ಕಳಿಸಿದ್ದಲ್ಲ. ತಡೆಯಲೂ ಇಲ್ಲ.

ಅನುಸೂಯ


ದೊಡ್ಡಬಳ್ಳಾಪುರ
24-4-1992

ಪ್ರೀತಿಯ ಅನುಸೂಯ,

ನಿಮ್ಮ ಪತ್ರಕ್ಕಿಂತ ಮೊದಲು ನಿಮ್ಮ ತಾಯಿ ಸಪ್ಪಲಮ್ಮನವರೇ ಬಂದಿಳಿದರು! ಮಧ್ಯಾಹ್ನ, ನಾವು ಊಟಕ್ಕೆ ಕೂರುವ ಹೊತ್ತು. ಅಮ್ಮನಿಗೆ ಕೈಕಾಲು ಆಡಲಿಲ್ಲ. ನನ್ನನ್ನು ಒಳಕ್ಕೆ ಎಳೆದು, ‘ಬೀಗಿತ್ತಿಗೆ ಸಪ್ಪೆ ಸಾರು ಹೆಂಗ್ ಬಡಿಸ್ಲೋ? ನಿಮ್ ದೊಡ್ಡಪ್ಪನ್ ಸಾರೇ ಹಾಕ್ಲಾ?’ ಎಂದರು. ಅಷ್ಟರಲ್ಲಿ ನಿಮ್ಮ ತಾಯಿ ಅಡುಗೆಮನೆಗೇ ಬಂದು ಎರಡು ಪಾತ್ರೆಯನ್ನೂ ನೋಡಿ, ‘ನಂಗೆ ಹುಡುಗನ್ ಸಾರೇ ಹಾಕಿ ಅಕ್ಕ’ ಎಂದರು.

ಮುದ್ದೆ ಮುರಿದು ಸಪ್ಪೆ ಸಾರಿನಲ್ಲಿ ಅದ್ದಿ, ಹಬ್ಬದೂಟದ ಹಾಗೆ ಉಂಡರು. ಕೈ ತೊಳೆದು ನಡುಮನೆಯಲ್ಲಿ ದೊಡ್ಡಪ್ಪನ ಎದುರಿಗೇ ಕೂತು, ಚೀಲದಿಂದ ಮಾತ್ರೆ ತೆಗೆದು ನೀರು ಕುಡಿದರು.

‘ಏನ್ ತಾಯಿ ಅದು?’ ಎಂದರು ದೊಡ್ಡಪ್ಪ.

‘ಬಿಪಿ ಮಾತ್ರೆ ಬೀಗರೇ. ಒಂಬತ್ ವರ್ಷದಿಂದ ನುಂಗ್ತಿದ್ದೀನಿ.’

ದೊಡ್ಡಪ್ಪನ ಮುಖ ನೀವು ನೋಡಬೇಕಿತ್ತು. ‘ಮತ್ತೆ ನಿಶ್ಚಿತಾರ್ಥದ ದಿನ ಹೇಳ್ಲೇ ಇಲ್ಲ?’

‘ನೀವು ನಿಮ್ ತಮ್ಮ ಹೆಂಗ್ ಹೋದ್ರು ಅಂತ ಹೇಳಿದ್ರಾ? ಇಬ್ರದೂ ಸಮ ಆಯ್ತು ಬಿಡಿ.’

ಅಮ್ಮ ಸೆರಗಿನಲ್ಲಿ ನಗು ಮುಚ್ಚಿಕೊಂಡರು. ದೊಡ್ಡಪ್ಪ ಬಿಡಲಿಲ್ಲ. ‘ಅದಿರ್ಲಿ ತಾಯಿ. ಹುಡುಗಂಗೆ ವಾಸಿಯಾಗ್ಲಿ, ಆಮೇಲೆ...’

‘ವಾಸಿ ಆಗ್ಲಿ ಅಂತ ಕಾಯ್ತಾ ಕೂತ್ರೆ ಇಬ್ರಿಗೂ ತಲೆ ನರೆತುಹೋಗುತ್ತೆ. ಇದು ವಾಸಿಯಾಗೋದಲ್ಲ, ಹಿಡಿತದಲ್ಲಿ ಇಟ್ಕೊಳ್ಳೋದು. ನಾನ್ ಇಟ್ಕೊಂಡಿಲ್ವಾ? ಇಲ್ಲೀಗಂಟ ಒಬ್ಳೇ ಬಸ್ಸಲ್ಲಿ ಬಂದೆ. ನನ್ ಮಗ್ಳುಗೆ ಕಾಯಿಲೆ ಇರೋನು ಬೇಡ ಅಂತಿಲ್ಲ ನಾನು. ಇದೆ ಅಂತ ಗೊತ್ತಿದ್ದೂ ಮಾತ್ರೆ ಬಿಡೋನು ಬೇಡ, ಅಷ್ಟೇ.’ ಹಾಗೆಂದು ನನ್ನ ಕಡೆ ತಿರುಗಿ, ‘ಏನಪ್ಪಾ, ಬಿಡ್ತೀಯಾ?’ ಎಂದರು.

‘ಇಲ್ಲ ಅತ್ತೆ’ ಎಂದೆ. ಮೊದಲ ಸಲ ಅವರನ್ನು ಅತ್ತೆ ಎಂದದ್ದು.

ಆಮೇಲೆ ಅವರು ಮೆತ್ತಗೆ ಕೇಳಿದರು: ‘ನೀವ್ ಯಾವತ್ತಾದ್ರೂ ನೋಡಿಸ್ಕೊಂಡಿದ್ದೀರಾ ಬೀಗರೇ?’

‘ನಂಗೇನಾಗಿದೆ? ಗುಂಡ್‌ಕಲ್ ಇದ್ದಂಗಿದ್ದೀನಿ.’

‘ನಿಮ್ ತಮ್ಮನೂ ಹಂಗೇ ಇದ್ರಂತಲ್ಲ.’

ಸಂಜೆ ದೊಡ್ಡಪ್ಪ ಷರ್ಟು ಹಾಕಿಕೊಂಡು, ಎಲ್ಲಿಗೆಂದು ಹೇಳದೆ ಹೊರಟರು. ನಾನು ಹಿಂದೆಯೇ ಹೋದೆ. ಡಾಕ್ಟರ ಬಾಗಿಲಲ್ಲಿ ನನ್ನನ್ನು ಕಂಡು, ‘ಬಾ, ಪಕ್ಕದಲ್ ಕೂತ್ಕೋ’ ಎಂದರು. ನೂರ ಎಂಬತ್ತು ದಾಟಿದೆ, ಅನುಸೂಯ. ಎಷ್ಟು ವರ್ಷದಿಂದಲೋ ಯಾರಿಗೂ ಗೊತ್ತಿಲ್ಲ. ಸದ್ಯ, ಬೇರೇನೂ ಆಗಿಲ್ಲ, ಇನ್ನೆರಡು ಸಲ ನೋಡುತ್ತೇನೆ ಎಂದರು ಡಾಕ್ಟರು.

ಮನೆಗೆ ಬಂದು ತಟ್ಟೆ ಮುಂದೆ ಕೂತರು. ‘ನಾರಾಯಣಮ್ಮ, ನಂಗೂ ಆ ಸಾರೇ ಹಾಕವ್ವ’ ಎಂದರು. ಒಂದು ತುತ್ತು ಉಂಡು ಮುಖ ಹಿಂಡಿ, ಮತ್ತೊಂದು ತುತ್ತು ಉಂಡರು. ಆಮೇಲೆ ನಿಮ್ಮ ತಾಯಿಯನ್ನು ನೋಡಿ, ‘ಮದುವೆ ವೈಶಾಖದಲ್ಲೇ. ಲಗ್ನಪತ್ರಿಕೆ ಅಚ್ಚಿಗೆ ಕೊಡೋಣ’ ಎಂದರು.

ನಿಮ್ಮವನೇ ಆದ,
ನಂದ


ಮೊಳಕಾಲ್ಮೂರು
30-4-1992

ನಂದ ಅವರಿಗೆ,

ಅಮ್ಮ ತವರಿನಿಂದ ಬಂದವರೇ, ‘ಎಲ್ಲಾ ಚೆನ್ನಾಗಿದ್ದಾರೆ’ ಎಂದಷ್ಟೇ ಹೇಳಿ ನೀರು ಹಿಡಿಯಲು ಹೋದರು. ನಿಮ್ಮ ಪತ್ರ ಬರುವವರೆಗೆ ನಮ್ಮ ಅಪ್ಪನಿಗೆ ಏನೂ ಗೊತ್ತಿರಲಿಲ್ಲ. ಅವರು ಜೋರಾಗಿ ಓದಿದರು, ದೊಡ್ಡಪ್ಪ ಸಾರು ಕೇಳಿದ ಜಾಗಕ್ಕೆ ಬಂದಾಗ ಕಾಗದ ಕೆಳಗಿಟ್ಟರು. ಅಮ್ಮನನ್ನು ಸ್ವಲ್ಪ ಹೊತ್ತು ನೋಡಿದರು. ಬಯ್ಯಲಿಲ್ಲ.

ಸೀರೆಯನ್ನು ಅಪ್ಪನೇ ನೇಯುತ್ತಿದ್ದಾರೆ. ಬಣ್ಣ ಹೇಳುವುದಿಲ್ಲ. ಮದುವೆ ಊಟಕ್ಕೆ ಮಾತ್ರ ಉಪ್ಪು ಸರಿಯಾಗಿ ಹಾಕಿಸೋಣ, ಊರವರೆಲ್ಲ ಏನು ಪಾಪ ಮಾಡಿದ್ದಾರೆ? ನಮಗೆ, ಅಂದರೆ ನಿಮಗೆ, ಅಮ್ಮನಿಗೆ, ದೊಡ್ಡಪ್ಪನವರಿಗೆ ಒಂದು ಬೇರೆ ಸಾಲು. ಆ ಸಾಲಿನಲ್ಲಿ ನಾನೂ ಕೂರುತ್ತೇನೆ.

ಮತ್ತೆ, ಇನ್ನು ನನ್ನನ್ನು ‘ನೀವು’ ಎನ್ನಬೇಡಿ. ಶಾಲೆಯಲ್ಲಿ ಕೇಳಿ ಕೇಳಿ ಸಾಕಾಗಿದೆ.

ನಿಮ್ಮ,
ಅನು


ದೊಡ್ಡಬಳ್ಳಾಪುರ
11-8-1993

ನನ್ನ ಅನು,

ಮಾತ್ರೆ ತೆಗೆದುಕೊಂಡೆ. ಹೋದ ವಾರ ನೂರ ಮೂವತ್ತು, ಎಂಬತ್ತನಾಲ್ಕು. ದೊಡ್ಡಪ್ಪನವರದೂ ಇಳಿಯುತ್ತಿದೆ, ಸ್ವಲ್ಪ ಸ್ವಲ್ಪವೇ. ನೀನು ಮೊದಲು ಕೇಳುವುದು ಇದನ್ನೇ ಎಂದು ಇದನ್ನೇ ಮೊದಲು ಬರೆದೆ.

ನಿಮ್ಮ ಅಪ್ಪ ಕೊಟ್ಟ ಟೆಲಿಗ್ರಾಂ ಬೆಳಿಗ್ಗೆ ಬಂತು. ಹೆಣ್ಣು ಮಗು, ಇಬ್ಬರೂ ಕ್ಷೇಮ ಎಂದಿತ್ತು. ಎರಡು ಸಲ ಓದಿದೆ. ನೀನು ಇಲ್ಲಿದ್ದಷ್ಟು ತಿಂಗಳೂ ಡಾಕ್ಟರು ನಿನ್ನ ತೋಳಿಗೆ ಪಟ್ಟಿ ಸುತ್ತಿದಾಗಲೆಲ್ಲ ನಾನು ಉಸಿರು ಬಿಗಿಹಿಡಿದು ನಿಂತಿರುತ್ತಿದ್ದೆ. ನೀನು ನಗುತ್ತಿದ್ದೆ. ಇವತ್ತು ಆ ಉಸಿರು ಬಿಟ್ಟೆ.

ಓಡಿಹೋಗಿ ಒಂದೊಂದೇ ಸ್ವಿಚ್ಚು ಆರಿಸಿ ಆರೂ ಮಗ್ಗ ನಿಲ್ಲಿಸಿಬಿಟ್ಟೆ. ಏಕೆಂದು ಕೇಳಬೇಡ, ಕೈ ಹಾಗೆ ಮಾಡಿತು. ನಮ್ಮ ಬೀದಿಯಲ್ಲಿ ಕರೆಂಟು ಇರುವಾಗ ಮಗ್ಗ ನಿಲ್ಲುವುದು ಮನೆಯಲ್ಲಿ ಸಾವಾದರೆ ಮಾತ್ರ. ಎದುರುಮನೆಯ ಪಾಪಮ್ಮ ಕೈಯಲ್ಲಿ ಹಿಟ್ಟು ಮೆತ್ತಿಕೊಂಡೇ ಓಡಿಬಂದರು. ‘ಅಯ್ಯೋ, ಯಾರ್ಗೇನಾಯ್ತ್ರೋ?’ ಹಿಂದೆಯೇ ಅರ್ಧ ಬೀದಿ. ಎಲ್ಲರೂ ದೊಡ್ಡಪ್ಪನನ್ನು ಹುಡುಕುತ್ತಿದ್ದಾರೆ! ಅವರು ಬಚ್ಚಲಿನಿಂದ ಟವೆಲ್ಲಿನಲ್ಲೇ ಹೊರಗೆ ಬಂದು, ‘ನಾನ್ ಇದ್ದೀನ್ ಕಣ್ರಯ್ಯಾ! ಮೊಮ್ಮಗ್ಳು ಹುಟ್ಟವ್ಳೆ!’ ಎಂದು ಕೂಗಿದರು. ಅಮ್ಮ ಇದ್ದ ಸಕ್ಕರೆಯನ್ನೆಲ್ಲ ಹಂಚಿಬಿಟ್ಟರು.

ನಾಳೆ ಮೊದಲ ಬಸ್ಸಿಗೆ ಹೊರಡುತ್ತೇನೆ. ಈ ಪತ್ರಕ್ಕಿಂತ ನಾನೇ ಮುಂಚೆ ಬರಬಹುದು. ಆದರೂ ಬರೆಯದೆ ಇರಲು ಆಗಲಿಲ್ಲ.

ಜನರೆಲ್ಲ ಹೋದರು. ಮಗ್ಗಗಳು ಇನ್ನೂ ನಿಂತೇ ಇವೆ. ಈ ಮನೆಯಲ್ಲಿ ಹಗಲು ಹೊತ್ತಿನಲ್ಲಿ ಪೆನ್ನು ಕಾಗದದ ಮೇಲೆ ಓಡುವ ಸದ್ದನ್ನು ಮೊದಲ ಸಲ ಕೇಳುತ್ತಿದ್ದೇನೆ. ಮೊಳಕಾಲ್ಮೂರಿನಲ್ಲಿ ಮಗು ಅತ್ತರೆ ಇಲ್ಲಿಗೆ ಕೇಳಿಸುವುದಿಲ್ಲವೆಂದು ಗೊತ್ತು. ಆದರೂ ಮಗ್ಗ ಹಾಕಲು ಮನಸ್ಸು ಬರುತ್ತಿಲ್ಲ.

ನಂದ